ಎರಡನೇ ಸಲ ಸಾರು ಕೇಳಿದವನ ಬಹಿರಂಗ ಪತ್ರ

ಮಾನ್ಯ ಜನರಲ್ ಮ್ಯಾನೇಜರ್ ಅವರಿಗೆ,



ನಿಮ್ಮ ಹೋಟೆಲಿನ ಹೆಸರನ್ನು ಈ ಪತ್ರದಲ್ಲಿ ಬರೆಯುವುದಿಲ್ಲ. ಬರೆದರೆ ಪುಕ್ಕಟೆ ಜಾಹೀರಾತಾಗುತ್ತದೆ. ಪುಕ್ಕಟೆ ಎಂಬುದು ನಿಮ್ಮ ಸಂಸ್ಥೆಯ ತತ್ವಕ್ಕೇ ವಿರುದ್ಧ ಎಂದು ಅಲ್ಲಿ ಒಂದು ಹೊತ್ತು ಉಂಡ ಮೇಲೆ ತಿಳಿದುಕೊಂಡಿದ್ದೇನೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ನಾಲ್ಕು ಊರುಗಳ ನಡುವೆ ಎಲ್ಲೋ ಒಂದು ಕಡೆ ನೀವಿದ್ದೀರಿ ಎಂದರೆ ಸಾಕು. ನೀವು ಯಾರೆಂದು ನಿಮಗೆ ಗೊತ್ತು, ನಮ್ಮ ಭಾವನ ಮಗನ ಕ್ರೆಡಿಟ್ ಕಾರ್ಡಿಗೂ ಗೊತ್ತು.

ಊಟ ಕೊಡಿಸಿದ್ದು ಅವನೇ. ದುಬೈಯಿಂದ ರಜೆಯಲ್ಲಿ ಬಂದವನು, "ಮಾವ, ಈ ಸಲ ನಿಮ್ಮನ್ನೂ ಅತ್ತೆಯನ್ನೂ ಒಂದು ಒಳ್ಳೆ ಕಡೆ ಉಡುಪಿ ಊಟಕ್ಕೆ ಕರ್ಕೊಂಡು ಹೋಗ್ತೇನೆ" ಅಂದ. ಉಡುಪಿಯಲ್ಲೇ ಹುಟ್ಟಿ ಉಡುಪಿಯಲ್ಲೇ ಮುದುಕನಾಗುತ್ತಿರುವವನಿಗೆ ಉಡುಪಿ ಊಟದ ಆಮಂತ್ರಣ! ಬೇಡ ಅನ್ನಲು ಬಾಯಿ ಬರಲಿಲ್ಲ. ಜುಲೈ ಕೊನೆಯ, ಆಟಿ ತಿಂಗಳ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಮನೆಯಲ್ಲಿ ಮಾಡಲು ಬೇರೆ ಕೆಲಸವೂ ಇರಲಿಲ್ಲ.

ನಿಮ್ಮ ಬಾಗಿಲಲ್ಲಿ ಮೈಸೂರು ಪೇಟ ತೊಟ್ಟವರೊಬ್ಬರು ಬಗ್ಗಿ ನಮಸ್ಕಾರ ಮಾಡಿದರು. ನಮ್ಮ ಕಡೆ ಪೇಟ ಕಾಣುವುದು ಸನ್ಮಾನದ ವೇದಿಕೆಯಲ್ಲಿ ಮಾತ್ರ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಯ ಜೊತೆ. ಅಭ್ಯಾಸಬಲದಿಂದ ನಾನು "ಅಭಿನಂದನೆಗಳು" ಅಂದೆ. ಅವರು, ಪಾಪ, "ಥ್ಯಾಂಕ್ಯೂ ಸಾರ್" ಅಂದರು. ತಿಂಗಳ ಸಂಬಳಕ್ಕೆ ದಿನವಿಡೀ ಸನ್ಮಾನಿತರಾಗಿ ನಿಲ್ಲುವುದು ಸುಲಭದ ಕೆಲಸವಲ್ಲ ಮಾರಾಯ್ರೆ.

ಒಳಗೆ ಗೋಡೆಯ ತುಂಬ ನಮ್ಮ ಅಜ್ಜಿಯಂದಿರ ಸಾಮಾನು. ಸೇಮಿಗೆ ಒತ್ತುವ ಮರದ ಮಣೆ, ಸೇರು, ಪಾವು, ತೆಂಗಿನಕಾಯಿ ತುರಿಯುವ ಮಣೆ, ಎಲ್ಲಕ್ಕೂ ಮೊಳೆ ಹೊಡೆದಿದ್ದೀರಿ. ಮಣಿಪಾಲದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನವರೂ ಒಂದು ಪಾಕಕಲಾ ಮ್ಯೂಸಿಯಂ ಮಾಡಿದ್ದಾರೆ. ಅಲ್ಲೇ ಕಲಿತ ಶೆಫ್ ವಿಕಾಸ್ ಖನ್ನಾ ದೇಶದ ಮೂಲೆಮೂಲೆಯಿಂದ ಪಾತ್ರೆಪಗಡಿ ಕೂಡಿಹಾಕಿದ್ದಾರೆ, ಕಟ್ಟಡವೇ ಮಡಕೆಯ ಆಕಾರದಲ್ಲುಂಟು. ಅದು ಮ್ಯೂಸಿಯಂ, ಅಲ್ಲಿ ಯಾರೂ ಹಸಿದುಕೊಂಡು ಹೋಗುವುದಿಲ್ಲ. ನಿಮ್ಮಲ್ಲಿ ನಾವು ಹಸಿದುಕೊಂಡು ಹೋಗಿದ್ದೆವು ಎಂಬುದಷ್ಟೇ ವ್ಯತ್ಯಾಸ.

ಮೆನುವಿನ ಮೊದಲ ಪುಟದಲ್ಲೇ "ಅಷ್ಟಮಠ ಪರಂಪರೆಯ ರಾಜಭೋಜನ" ಎಂದಿತ್ತು. ತಲೆಗೆ 2,400 ರೂಪಾಯಿ, ತೆರಿಗೆ ಬೇರೆ. ಅಷ್ಟಮಠದ ಪರಂಪರೆಯ ಬಗ್ಗೆ ನಿಮಗೆ ಯಾರೋ ಅರ್ಧ ಮಾತ್ರ ಹೇಳಿದ್ದಾರೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣಮಠದ ಪರ್ಯಾಯ, ಅಂದರೆ ಪೂಜೆಯ ಹೊಣೆ, ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುತ್ತದೆ. ಪೀಠ ಏರುವ ಮಠದವರು ಎಷ್ಟೋ ತಿಂಗಳ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಶುರು ಮಾಡುತ್ತಾರೆ. ಎಲೆಗಾಗಿ ಬಾಳೆ ನೆಡುವುದು, ಒಲೆಗಾಗಿ ಸೌದೆಯನ್ನು ರಥದ ಆಕಾರದಲ್ಲಿ ಪೇರಿಸುವುದು, ಎಲ್ಲವೂ ಬಂದವರಿಗೆ ಊಟ ಹಾಕಬೇಕು ಎಂಬ ಒಂದೇ ಕಾರಣಕ್ಕೆ. ಆ ಊಟಕ್ಕೆ ರೇಟು ಇಲ್ಲ. ನೀವು ಆ ಪರಂಪರೆಯಿಂದ ಊಟ ತೆಗೆದುಕೊಂಡಿರಿ, ರೇಟು ಮಾತ್ರ ನಿಮ್ಮ ಸ್ವಂತದ್ದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮಠದ ಊಟದಲ್ಲಿ ಪಂಕ್ತಿಭೇದ ಉಂಟು ಎಂದು ಊರಲ್ಲಿ ಜಗಳಗಳಾಗಿವೆ, ಧರಣಿಗಳಾಗಿವೆ, ಆಗಬೇಕಾದದ್ದೇ. ನಿಮ್ಮಲ್ಲಿ ಆ ಗಲಾಟೆಗೆ ಆಸ್ಪದವೇ ಇಲ್ಲ. ದುಡ್ಡಿದ್ದವನು ಒಳಗೆ, ಇಲ್ಲದವನು ಗೇಟಿನ ಹೊರಗೆ. ಪಂಕ್ತಿಯೇ ಇಲ್ಲದ ಮೇಲೆ ಭೇದ ಎಲ್ಲಿಂದ? ಊರ ಪ್ರಗತಿಪರರು ಇಷ್ಟು ವರ್ಷ ಬಗೆಹರಿಸಲಾಗದ್ದನ್ನು ನೀವು ಒಂದು ಮೆನು ಕಾರ್ಡಿನಲ್ಲಿ ಬಗೆಹರಿಸಿದ್ದೀರಿ.

ಇನ್ನು ಊಟ. ಮೊದಲು ಬಂದದ್ದು ಗಂಜಿ. ಕಾರ್ಕಳದ ಕಜೆ ಅಕ್ಕಿಯದ್ದು ಎಂದರು. ಕೆಂಪಗೆ, ಘಮಘಮ ಅನ್ನುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅದು ಬಂದದ್ದು ಉದ್ದ ಕಾಲಿನ ಗಾಜಿನ ಲೋಟದಲ್ಲಿ, ಲೋಟದ ಅಂಚಿಗೆ ಅರ್ಧ ಸೀಳಿದ ಮಾವಿನ ಮಿಡಿ ಸಿಕ್ಕಿಸಿ. ನನ್ನ ಹೆಂಡತಿ ಅದನ್ನು ಎರಡು ಬಾರಿ ತಿರುಗಿಸಿ ನೋಡಿ, "ಇಲ್ಲಿ ಯಾರಿಗೋ ಜ್ವರ ಬಂದಿರಬೇಕು" ಅಂದಳು. ನಮ್ಮಲ್ಲಿ ಗಂಜಿ ಉಣ್ಣುವವನು ಬಟ್ಟಲಿಗೆ ಬಾಗಿ ಕೂತು ಮಿಡಿಯನ್ನು ಕಚ್ಚುತ್ತಾ ಸುರಿಯುತ್ತಾನೆ. ಆ ಲೋಟದಲ್ಲಿ ಸುರಿಯಲು ಹೋದರೆ ಅಗುಳು ಮೂಗಿಗೆ ಬರುತ್ತದೆ. ನನಗೆ ಬಂತು.

ಆಮೇಲೆ ಹಿತ್ತಾಳೆ ಹರಿವಾಣ. ಅದರ ಮೇಲೆ ಬಾಳೆಲೆಯನ್ನು ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿ ಇಟ್ಟಿದ್ದರು. ಕುಡಿಯೂ ಇಲ್ಲ, ಬುಡವೂ ಇಲ್ಲ. ಕುಡಿ ಎಡಕ್ಕೆ ಬರಬೇಕು, ಉಪ್ಪು ಎಡತುದಿಗೆ, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೇಲ್ಸಾಲಿಗೆ ಎಂದು ಚಿಕ್ಕಂದಿನಿಂದ ಬಡಿಸಿ ಕಲಿತವಳು ನನ್ನ ಹೆಂಡತಿ. ದುಂಡು ಎಲೆಗೆ ಎಡ ಯಾವುದು ಎಂದು ಬಡಿಸುವ ಹುಡುಗನನ್ನು ಕೇಳಿದಳು. ಅವನು ನಕ್ಕು ಹರಿವಾಣವನ್ನೇ ಒಂದು ಸುತ್ತು ತಿರುಗಿಸಿದ.

ಆ ಹುಡುಗನ ಮೇಲೆ ನನಗೆ ಒಂದು ಚೂರೂ ಕೋಪವಿಲ್ಲ. ಎಲ್ಲಿಯವನೋ, ನಮ್ಮೂರ ಮಳೆಗೆ ಬಂದು ಸಿಕ್ಕಿಬಿದ್ದಿದ್ದಾನೆ. ನೀವು ಅವನಿಗೆ ಬಟ್ಟಲಿಗೊಂದು ಕಥೆ ಬಾಯಿಪಾಠ ಮಾಡಿಸಿದ್ದೀರಿ. ಅವನು ತಪ್ಪಿಲ್ಲದೆ ಒಪ್ಪಿಸಿದ. ಮಟ್ಟು ಊರಿನ ಬದನೆಯಾದ ಮಟ್ಟುಗುಳ್ಳದ ಹುಳಿ ಬಂದಾಗ ಯತಿ ವಾದಿರಾಜರು ಬೀಜ ಕೊಟ್ಟ ಕಥೆ ಹೇಳಿದ, 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ಕಥೆ ಹೇಳಿದ, ಕಾಪುವಿಗೆ ಹೋಗುವ ದಾರಿಯ ಕಟಪಾಡಿಯಿಂದ ಮಟ್ಟು ಎಷ್ಟು ಹತ್ತಿರ ಎಂಬುದನ್ನೂ ಹೇಳಿದ. ನನ್ನ ಹೆಂಡತಿಯ ತವರು ಕಟಪಾಡಿ. ಅವಳು ಕೈಕಟ್ಟಿ ಕೂತು ಪೂರ್ತಿ ಕೇಳಿದಳು. ಕಥೆ ಮುಗಿಯುವಾಗ ಹುಳಿ ತಣ್ಣಗಾಗಿತ್ತು.

ಬಟ್ಟಲಲ್ಲಿ ಗುಳ್ಳದ ಹೋಳು ಇದ್ದದ್ದು ಒಂದು. ಅದೂ ಗುಳ್ಳವಲ್ಲ. ಮ್ಯಾನೇಜರ್ ಸಾಹೇಬರೇ, ಆಟಿಯಲ್ಲಿ ಮಟ್ಟುವಿನ ಗದ್ದೆಯಲ್ಲಿ ಇರುವುದು ನೀರು ಮತ್ತು ಭತ್ತದ ಸಸಿ. ಮಳೆಗಾಲದ ಬೆಳೆ ಕೊಯ್ದು, ಮಣ್ಣು ಆರಿದ ಮೇಲೆ ಗುಳ್ಳದ ಸರದಿ. ಬೇರೆ ಕಡೆಯ ದುಂಡು ಬದನೆಯನ್ನು ಇದೇ ಹೆಸರಲ್ಲಿ ಮಾರುತ್ತಾರೆಂದು ಅಲ್ಲಿನ ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರುವ ಮಟ್ಟಕ್ಕೆ ಹೋಗಿದ್ದಾರೆ. ನಿಜವಾದ ಗುಳ್ಳ ಬೆಂದರೆ ಬೆಣ್ಣೆಯ ಹಾಗೆ ಕರಗುತ್ತದೆ, ಸಿಪ್ಪೆ ನಾಲಗೆಗೆ ಸಿಗುವುದಿಲ್ಲ. ನಿಮ್ಮ ಹೋಳನ್ನು ನಾನು ಬಹಳ ಹೊತ್ತು ಜಗಿದೆ.

ಭಾವನ ಮಗನಿಗೆ ಮೀನು ಬೇಕಾಯಿತು. ಇನ್ನೊಂದು ಕಾರ್ಡ್ ಬಂತು: "ಇಂದಿನ ಬಲೆ, ಮಲ್ಪೆಯಿಂದ ನೇರ." ಅಂಜಲ್ ಎಂದಿತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ನಾಡದೋಣಿಯವರಿಗೆ ವಿನಾಯಿತಿ ಉಂಟು, ಆದರೆ ಆ ವಾರದ ಗಾಳಿಗೆ ಅವರೂ ದೋಣಿ ಎಳೆದು ದಡಕ್ಕೆ ಹಾಕಿದ್ದರು. ಇಂದಿನ ಬಲೆ ಯಾರದ್ದು ಎಂದು ಕೇಳಿದೆ. ಹುಡುಗ ಒಳಗೆ ಹೋಗಿ ಬಂದು, "ಶೆಫ್ ಪರ್ಸನಲ್ ಸೋರ್ಸ್ ಸಾರ್" ಅಂದ. ನಿಮ್ಮ ಶೆಫ್‌ಗೆ ವರುಣದೇವರ ಪರಿಚಯವಿದ್ದರೆ ನಮ್ಮ ಮೀನುಗಾರರಿಗೂ ಒಂದು ಮಾತು ಹೇಳಿಸಿ.

ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಇಲ್ಲಿ. ಆಟಿ ಅಂದರೆ ನಮ್ಮ ಕಡೆ ಕಷ್ಟದ ತಿಂಗಳು. ಗದ್ದೆ ಕೆಲಸ ಮುಗಿದು, ಕಣಜ ಬರಿದಾಗಿ, ಕಡಲೂ ಮುಚ್ಚಿದ ಕಾಲದಲ್ಲಿ ಹಿಂದಿನವರು ಬೇಲಿಬದಿಯಲ್ಲಿ ಸಿಕ್ಕಿದ್ದನ್ನು ತಿಂದು ಬದುಕಿದರು. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ, ಚಗಟೆ ಸೊಪ್ಪು, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ತೊಳೆ. ಈ ಅಡುಗೆಗೆ ನಿಜವಾದ ಚರಿತ್ರೆ ಉಂಟು, ಹಸಿವಿನ ಚರಿತ್ರೆ. ನಿಮ್ಮ ಕಾಂಪೌಂಡಿನ ಹಿಂದೆಯೇ ಕೆಸು ಆಳೆತ್ತರ ಬೆಳೆದಿತ್ತು, ಕಾರು ನಿಲ್ಲಿಸುವಾಗ ನೋಡಿದೆ. ಒಳಗೆ ಹುಡುಗ ನಮಗೆ ತಂದು ಇಟ್ಟದ್ದು ಸ್ಟ್ರಾಬೆರಿಯ ತಂಬುಳಿ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಾರು ಚೆನ್ನಾಗಿತ್ತು. ಇನ್ನೊಂದು ಸೌಟು ಹಾಕಪ್ಪ ಅಂದೆ. ಹುಡುಗ ಕ್ಯಾಪ್ಟನ್ ಕಡೆ ನೋಡಿದ. ಕ್ಯಾಪ್ಟನ್ ಇನ್ನೊಬ್ಬ ಕೋಟಿನವರ ಕಡೆ ನೋಡಿದರು. ಮೂವರೂ ಕಂಬದ ಮರೆಗೆ ಹೋಗಿ ಮಾತಾಡಿದರು. ಮರಳಿ ಬಂದ ಕ್ಯಾಪ್ಟನ್ ಬಗ್ಗಿ, ಡಾಕ್ಟರು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ, "ಸಾರ್, ರಾಜಭೋಜನದಲ್ಲಿ ಒಂದೇ ಪೋರ್ಷನ್. ಎಕ್ಸ್‌ಟ್ರಾ ಬೇಕಾದರೆ 390 ಪ್ಲಸ್ ಟ್ಯಾಕ್ಸ್" ಅಂದರು.

ನಮ್ಮ ಜಿಲ್ಲೆಯಲ್ಲಿ ಬಡಿಸುವವನನ್ನು ತಡೆಯಲು ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿಯಬೇಕಾಗುತ್ತದೆ. ಹಿಡಿದರೂ ಅವನು ಬೆರಳ ಸಂದಿನಲ್ಲಿ ಪಾಯಸ ಬಿಟ್ಟು ಮುಂದೆ ಹೋಗುತ್ತಾನೆ. ಮದುವೆ ಮನೆಯಲ್ಲಿ "ಎರಡನೇ ಸಲ ವಿಚಾರಿಸಲಿಲ್ಲ" ಎಂದು ನೆಂಟಸ್ತಿಕೆ ಮುರಿದ ಉದಾಹರಣೆಗಳು ಬೇಕಾದಷ್ಟು. ಸಾಂಪ್ರದಾಯಿಕ ಎಂದು ಬೋರ್ಡು ಹಾಕಿಕೊಂಡವರು ಸಂಪ್ರದಾಯದಲ್ಲಿ ಇದೊಂದನ್ನೇ ಬಿಟ್ಟು ಉಳಿದ ಹಿತ್ತಾಳೆಯನ್ನೆಲ್ಲ ಇಟ್ಟುಕೊಂಡಿದ್ದೀರಿ.

ಈ ಮುದುಕನಿಗೆ ದೊಡ್ಡ ಹೋಟೆಲು ಅಂದರೆ ಆಗುವುದಿಲ್ಲ ಎಂದು ತಿಳಿಯಬೇಡಿ. ದೊಡ್ಡ ಹೋಟೆಲು ಕಟ್ಟಿದವರೇ ನಮ್ಮವರು. ಆಗ ಕಾರ್ಕಳ ತಾಲ್ಲೂಕಿಗೆ ಸೇರಿದ್ದ ಕಡಂದಲೆಯ ಕೆ. ಕೃಷ್ಣರಾಯರು ಮದ್ರಾಸಿಗೆ ಹೋಗಿ, ಅಡುಗೆಮನೆಯ ಕೆಳಗಿನ ಕೆಲಸದಿಂದ ಮೇಲೆ ಬಂದು, 1938ರಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲು ಮಾಡಿದರು. ಅದು ನಿಜವಾದ ರಾಜಭವನ. ಕೋಟದ ಪಕ್ಕದ ಪಾರಂಪಳ್ಳಿಯ ಮಯ್ಯರು 1924ರಲ್ಲಿ ಬೆಂಗಳೂರಲ್ಲಿ ಎಂಟಿಆರ್ ಶುರು ಮಾಡಿದರು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದರು. ಅವರು ಅಲ್ಲಿಂದ ತಂದದ್ದು ಉದ್ದ ಕಾಲಿನ ಲೋಟವನ್ನಲ್ಲ, ಅಡುಗೆಮನೆಯ ಶುಚಿತ್ವವನ್ನು. ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಹೋಗುವಂತೆ ಮಾಡಿದರು. ಕಾಫಿಯನ್ನು ಬೆಳ್ಳಿ ಲೋಟದಲ್ಲೂ ಕೊಟ್ಟರು, ಆಡಂಬರ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ತುರ್ತುಪರಿಸ್ಥಿತಿಯಲ್ಲಿ ಸರಕಾರ ತಿಂಡಿಗಳ ಬೆಲೆಗೆ ಮಿತಿ ಹಾಕಿದಾಗ ಎಂಟಿಆರ್‌ನವರು ರುಚಿ ಕೆಡಿಸದೆ ಮಾರಿ, ದಿನದ ನಷ್ಟ ಎಷ್ಟೆಂದು ಹೊರಗೆ ಬೋರ್ಡು ಬರೆದು ಹಾಕಿದರು. ನೀವು ದಿನದ ಲಾಭವನ್ನು ಹಾಗೆ ಬರೆದು ಹಾಕಿದರೆ ನಾವೂ ಮೆಚ್ಚಿಕೊಂಡು ಓದುತ್ತೇವೆ; ಸೇಮಿಗೆ ಮಣೆ ತೆಗೆದರೆ ಗೋಡೆಯಲ್ಲಿ ಜಾಗವೂ ಆಗುತ್ತದೆ.

ಕೊನೆಗೆ ಬಿಲ್ಲು. ಮಾಮೂಲಿ ಹೋಟೆಲಲ್ಲಿ ಜಿಎಸ್‌ಟಿ ಶೇ. 5, ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದ ಕೋಣೆಗಳುಳ್ಳ ಹೋಟೆಲಿನೊಳಗಾದರೆ ಶೇ. 18. ಅಂದರೆ ನಿಮ್ಮ ಮೆತ್ತನೆಯ ಹಾಸಿಗೆಯ ಅಂಚನ್ನೂ ಮುಟ್ಟದ ನಾನು, ಮಹಡಿಯಲ್ಲಿ ಯಾರೋ ಮಲಗಿದ್ದಾರೆ ಎಂಬ ಕಾರಣಕ್ಕೆ, ಕೆಳಗೆ ಕೂತು ಸಾರಿಗೆ ಭಾವನ ಮಗನಿಂದ ಹೆಚ್ಚು ತೆರಿಗೆ ಕೊಡಿಸಿದೆ. ರಾಜಭೋಜನದ ತೆರಿಗೆಯೇ ತಲೆಗೆ 432 ರೂಪಾಯಿ. ಮೂವರ ತೆರಿಗೆಯ ದುಡ್ಡಲ್ಲಿ ರಥಬೀದಿ ಸುತ್ತಮುತ್ತ ನಾವು ಮೂವರೂ ಊಟ ಮಾಡಿ, ಒಂದೊಂದು ಗಡ್‌ಬಡ್ ಐಸ್‌ಕ್ರೀಂ ತಿಂದು, ರಿಕ್ಷಾದಲ್ಲಿ ಮನೆಗೆ ಹೋಗಬಹುದಿತ್ತು. ನೀರಿನ ಬಾಟಲಿಗೆ ಮುದ್ರಿತ ಬೆಲೆಯ ಮೇಲೆ ಇನ್ನಷ್ಟು ಹಾಕಿದ್ದಿರಿ. ಅದರ ಬಗ್ಗೆ ನನ್ನ ತಕರಾರಿಲ್ಲ, 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೋಟೆಲಿನವರು ಹಾಗೆ ತೆಗೆದುಕೊಳ್ಳಬಹುದು ಅಂದಿದೆ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಸೇವಾ ಶುಲ್ಕ ಶೇ. 10 ಎಂದಿತ್ತು. ಸೇವೆ ಯಾವುದು ಎಂದು ಯೋಚಿಸಿದೆ. ಎರಡನೇ ಸಲ ಸಾರು ಬಡಿಸದೆ ಇದ್ದದ್ದೇ ಇರಬೇಕು.

ಆದ್ದರಿಂದ ವಿನಂತಿ ಇಷ್ಟು. ಹಿತ್ತಾಳೆ ಇರಲಿ, ಪೇಟ ಇರಲಿ, 2,400 ರೂಪಾಯಿಯೂ ಇರಲಿ, ಕೊಡುವವರು ಕೊಡಲಿ. ಋತು ನೋಡಿ ಅಡುಗೆ ಮಾಡಿಸಿ. ಆಟಿಯಲ್ಲಿ ಪತ್ರೊಡೆ ಹಾಕಿ, ಗುಳ್ಳ ಬಂದಾಗ ಗುಳ್ಳ ಹಾಕಿ, ಬೆಳೆದವರ ಹೆಸರನ್ನೂ ಅಡುಗೆ ಮಾಡಿದವರ ಹೆಸರನ್ನೂ ಕಥೆಯ ಜಾಗದಲ್ಲಿ ಬರೆಯಿರಿ. ಮತ್ತೆ ಆ ಹುಡುಗನ ಕೈಗೆ ಒಂದು ಸೌಟು ಕೊಟ್ಟು, ಯಾರನ್ನೂ ಕೇಳದೆ ಬಡಿಸುವ ಅಧಿಕಾರ ಕೊಡಿ. ಅವನಿಗೆ ಬಡಿಸುವ ಮನಸ್ಸಿತ್ತು, ನಾನು ಮುಖ ನೋಡಿದ್ದೇನೆ.

ಇದನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ತೆಗೆಯಿರಿ ಅಂದರೆ ತೆಗೆಯಬೇಕು. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.

ಇತಿ,
ಸಾರು ಇನ್ನೂ ಬರಬೇಕಾಗಿರುವ ಗಿರಾಕಿ