ತಿರುಪಿಗೆ ಕಾಲು ಸುತ್ತು

ಮರಿಕಲ್‌ನಿಂದ ಮಕ್ತಲ್ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ ಒಂದು ಲೇತ್ ಅಂಗಡಿ. ಬೋರ್ ಮೋಟಾರಿನ ಶಾಫ್ಟು, ಟ್ರಾಲಿಯ ಪಿನ್ನು, ಸವೆದ ಬುಷ್ಷು ಎಲ್ಲವೂ ಅಲ್ಲಿಗೆ 'ಈಗಲೇ ಬೇಕು' ಎಂದೇ ಬರುತ್ತವೆ. ಗಿರಾಕಿಯದು ತೆಲುಗು, ಮೇಸ್ತ್ರಿಯದು ಕನ್ನಡ. ಲೇತಿಗೆ ಎರಡೂ ತಿಳಿಯುತ್ತವೆ. ತಿಳಿಯದ್ದು ಹೊಸ ಹುಡುಗನ ಸ್ಪ್ಯಾನರೊಂದೇ.

ಹುಡುಗ ಐಟಿಐ ಮುಗಿಸಿ ಬಂದವನು. ಮೊದಲ ದಿನವೇ ಟ್ರಾಲಿಯ ಪಿನ್ನು ಕತ್ತರಿಸಲು ಹೋಗಿ ಪಾರ್ಟಿಂಗ್ ಟೂಲ್ ಮುರಿದ. ಟೂಲು ಕಬ್ಬಿಣಕ್ಕೆ ತಾಗಿದ್ದೇ ತಡ, ಹಲ್ಲು ಕಡಿಯುವ ಸದ್ದು, ಆಮೇಲೆ ಟಕ್ಕೆಂದು ಮೌನ.

"ಗಿಬ್ ಸಡಿಲಾಗ್ಯಾದಲೇ, ನೋಡು" ಎಂದ ಮೇಸ್ತ್ರಿ ಚಹಾಕ್ಕೆ ಹೋದ. ತಪ್ಪಾಗಿದ್ದು ಅಲ್ಲೇ.

ಗಿಬ್ ಎಂದರೆ ದೊಡ್ಡ ಸಂಗತಿಯೇನಲ್ಲ. ಟೂಲನ್ನು ಹೊತ್ತ ಕ್ರಾಸ್ ಸ್ಲೈಡು ಡವ್‌ಟೇಲ್ ಎಂಬ ಓರೆ ಅಂಚಿನ ಹಳಿಯ ಮೇಲೆ ಜಾರುತ್ತದಲ್ಲ, ಆ ಎರಡರ ನಡುವೆ ತೂರಿಸಿದ ತೆಳ್ಳನೆಯ ಲೋಹದ ಪಟ್ಟಿ ಅದು. ಹಳಿ ಸವೆದಂತೆ ಪಟ್ಟಿಯನ್ನು ಒತ್ತಿ ಸಂದು ಮುಚ್ಚಬೇಕು. ಕೆಲವು ಯಂತ್ರಗಳಲ್ಲಿ ಪಕ್ಕದಿಂದ ಒತ್ತುವ ಸಾಲು ತಿರುಪುಗಳಿರುತ್ತವೆ. ಇನ್ನು ಕೆಲವು ಲೇತು, ಮಿಲ್ಲಿಂಗ್ ಯಂತ್ರಗಳಲ್ಲಿ ಪಟ್ಟಿಯೇ ಬೆಣೆಯಂತೆ ಓರೆಯಾಗಿದ್ದು, ಒಂದು ತುದಿಯ ತಿರುಪು ಸಡಿಲಿಸಿ ಇನ್ನೊಂದನ್ನು ಬಿಗಿದರೆ ಮುಂದಕ್ಕೆ ಸರಿಯುತ್ತದೆ. ಈ ಹಳಿಯ ರಗಳೆ ಹಳೆಯದು. 1800ರ ಸುಮಾರಿಗೆ ಲಂಡನ್ನಿನ ಯಂತ್ರಕಾರ ಹೆನ್ರಿ ಮಾಡ್‌ಸ್ಲೆ ಟೂಲನ್ನು ಮನುಷ್ಯನ ಕೈಯಿಂದ ಬಿಡಿಸಿ ಜಾರು ಹಳಿಯ ಮೇಲೆ ಕೂರಿಸಿ ತಿರುಪು ಕೊರೆದು ತೋರಿಸಿದ. ಕೈ ನಡುಗುವ ಚಿಂತೆ ತಪ್ಪಿತು, ಹಳಿ ಅಲುಗುವ ಚಿಂತೆ ಬಂತು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತಿಗೂ, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಯಂತ್ರಕ್ಕೂ ಈ ಚಿಂತೆ ತಪ್ಪಿದ್ದಲ್ಲ.

ಹುಡುಗ ಗಿಬ್ಬಿನ ಸಾಲು ತಿರುಪುಗಳನ್ನೆಲ್ಲ ಒಂದೇ ಉಸಿರಿಗೆ ಬಿಗಿದ. ಸ್ಲೈಡು ಅಲುಗುವುದು ನಿಂತಿತು, ನಿಜ. ಚಲಿಸುವುದೂ ನಿಂತಿತು.

"ಬಾಗಿಲಿಗೆ ಬೀಗ ಹಾಕಿದೇನಲೇ?"

ಚಹಾ ಕುಡಿದು ಬಂದ ಮೇಸ್ತ್ರಿ ಎಲ್ಲ ಬಿಚ್ಚಿಸಿದ. ಮೊದಲು ಚೂರು, ಜಿಡ್ಡು ಒರೆಸಬೇಕು, ಎಣ್ಣೆ ಹಾಕಬೇಕು. ಒಂದು ಕಬ್ಬಿಣದ ಚೂರು ಸಿಕ್ಕಿಕೊಂಡರೂ ಬಿಗಿ ಬಂದಂತೆ ಭ್ರಮೆ ಹುಟ್ಟುತ್ತದೆ. ಆಮೇಲೆ ತಿರುಪಿಗೆ ಕಾಲು ಸುತ್ತಿಗಿಂತ ಕಡಿಮೆ, ಒಂದಾದ ಮೇಲೊಂದು. ಈ ಕೆಲಸದಲ್ಲಿ ನಿಜವಾದ ಕಿಡಿಗೇಡಿ ಲಾಕ್‌ನಟ್ಟು. ಅದನ್ನು ಬಿಗಿಯುವಾಗ ತಿರುಪೂ ಜೊತೆಗೆ ತಿರುಗಿಬಿಡುತ್ತದೆ. ಒಂದು ಕೈಯಲ್ಲಿ ತಿರುಪು ಹಿಡಿದು ಇನ್ನೊಂದರಲ್ಲಿ ನಟ್ಟು ಬಿಗಿದರೆ, ಹ್ಯಾಂಡಲ್ ತಿರುಗಿಸಿ ನೋಡಲು ಮೂರನೆಯ ಕೈ ಬೇಕು. ಅದಕ್ಕೇ ಅಂಗಡಿಗೆ ಹುಡುಗರನ್ನು ಇಟ್ಟುಕೊಳ್ಳುವುದು.

ಅಷ್ಟಕ್ಕೇ ಮುಗಿಯಲಿಲ್ಲ. ಹಳಿ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ದಿನವೂ ಓಡಾಡುವ ನಡುಭಾಗ ಹೆಚ್ಚು ಸವೆಯುತ್ತದೆ. ಅಲ್ಲಿ ಸರಿಯಾಗಿ ಬಿಗಿದರೆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಿಗಿ ಇರುವ ತುದಿಯಲ್ಲಿ ಹೊಂದಿಸಿ, ನಡುವಿನ ಕೊಂಚ ಸಡಿಲವನ್ನು ಸಹಿಸಬೇಕು; ಆಗದಿದ್ದರೆ ಹಳಿಯನ್ನೇ ಸ್ಕ್ರೇಪ್ ಮಾಡಿಸಬೇಕು. ಕೊನೆಗೆ ಅಲುಗಾಟ ಅಳೆಯುವ ಡಯಲ್ ಗೇಜ್ ಹಚ್ಚಿ ಸ್ಲೈಡನ್ನು ಕೈಯಿಂದ ಅತ್ತಿತ್ತ ತಳ್ಳಿದಾಗ ಮುಳ್ಳು ಮೂರು ಮನೆ ಸರಿಯಿತು. ಒಂದು ಮನೆ ಎಂದರೆ 0.01 ಮಿಲಿಮೀಟರ್. "ನಡೀತದ" ಎಂದ ಮೇಸ್ತ್ರಿ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಸಂಜೆ ಪಿನ್ನು ಸದ್ದಿಲ್ಲದೆ ತುಂಡಾಗಿ ಬಿತ್ತು. ಹುಡುಗ ಖುಷಿಯಲ್ಲಿ ಹ್ಯಾಂಡಲ್ಲನ್ನು ಹಿಂದಕ್ಕೆ ತಿರುಗಿಸಿದ; ಅದು ಒಂದಿಷ್ಟು ಸುಮ್ಮನೆ ತಿರುಗಿದ ಮೇಲಷ್ಟೇ ಸ್ಲೈಡು ಕದಲಿತು. ಅವನ ಕೈ ಮತ್ತೆ ಗಿಬ್ಬಿನತ್ತ ಹೋಯಿತು.

"ಅದು ಹ್ಯಾಂಡಲ್ಲಿನ ಸ್ಕ್ರೂ, ಅದರ ನಟ್ಟಿನ ಸವೆತ. ಗಿಬ್ಬಿಗೂ ಅದಕ್ಕೂ ಸಂಬಂಧ ಇಲ್ಲ" ಎಂದ ಮೇಸ್ತ್ರಿ, ಸ್ಪ್ಯಾನರನ್ನು ತನ್ನ ಜೇಬಿಗೆ ಹಾಕಿಕೊಂಡ.