ಬಾಳಿಕೆವಾದಿ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹತ್ತು ಹನ್ನೆರಡು ವರ್ಷ ದುಡಿದು, ಗೃಹಸಾಲ ತೀರುವ ಹೊತ್ತಿಗೆ ಸರಿಯಾಗಿ ವೈರಾಗ್ಯ ತಾಳಿ, ಆ ವೈರಾಗ್ಯವನ್ನೇ ಉಡುಪಿನ ಬ್ರ್ಯಾಂಡ್ ಆಗಿ ನೋಂದಾಯಿಸುವ ವ್ಯಕ್ತಿಯನ್ನು ಬಾಳಿಕೆವಾದಿ ಎಂದು ಕರೆಯಬಹುದು. ಆಷಾಢದ ರಿಯಾಯಿತಿಯಲ್ಲಿ ಕೊಂಡ ಅಂಗಿ ದೀಪಾವಳಿಯೊಳಗೆ ಬಣ್ಣಗೆಡುತ್ತದೆ ಎಂಬುದು ಇವನ ದರ್ಶನದ ಮೂಲಸೂತ್ರ. ಹತ್ತು ವರ್ಷ ಹರಿಯದ ಒಂದೇ ಅಂಗಿ ಅದರ ಮೋಕ್ಷಮಾರ್ಗ.

ದೀಕ್ಷೆಯ ಮೊದಲ ಲಕ್ಷಣ ಕಾಣಿಸುವುದು ಬೆರಳುಗಳಲ್ಲಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕಕ್ಕೆ ಜಿಎಸ್‌ಎಂ ಎನ್ನುತ್ತಾರೆ. ಮದುವೆಮನೆಯಲ್ಲಿ ಎದುರಾದ ಬಂಧುವಿನ ಕುಶಲ ವಿಚಾರಿಸುವ ಮೊದಲೇ ಬಾಳಿಕೆವಾದಿಯು ಅವರ ತೋಳಿನ ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿ ಈ ಲೆಕ್ಕವನ್ನು ಅಂದಾಜು ಮಾಡಿ, ಮರುಕದಿಂದ ತಲೆಯಾಡಿಸುತ್ತಾನೆ. ಹತ್ತಿಯ ಎಳೆ ಉದ್ದವಾದಷ್ಟೂ ನೂಲಿನಿಂದ ಹೊರಚಾಚುವ ತುದಿಗಳು ಕಡಿಮೆಯಾಗಿ, ಬಟ್ಟೆಯ ಮೇಲೆ ಸಣ್ಣ ಉಂಡೆಗಳೇಳುವುದು ತಗ್ಗುತ್ತದೆಯಾದ್ದರಿಂದ, ಸುವಿನ್ ಎಂಬ ಭಾರತೀಯ ಉದ್ದೆಳೆಯ ತಳಿಯ ಹೆಸರನ್ನು ಇವನು ಭಕ್ತಿಯಿಂದ ಉಚ್ಚರಿಸುತ್ತಾನೆ. ಆದರೆ ಇಂತಿಷ್ಟು ಮೀಟರಿಗಿಂತ ಕಡಿಮೆ ನೇಯ್ದುಕೊಡುವುದಿಲ್ಲವೆಂಬ ಗಿರಣಿಯ ಷರತ್ತು ಇವನ ಉಳಿತಾಯವನ್ನು ಮೀರುವುದರಿಂದ, ಕೊನೆಗೆ ಚಿಕ್ಕಪೇಟೆಯ ಸಗಟು ಅಂಗಡಿಯಿಂದಲೇ ಥಾನುಗಳು ಆಟೋ ಏರುತ್ತವೆ.

ಬೆಲೆ ನಿಗದಿಯಲ್ಲಿ ತತ್ವಕ್ಕಿಂತ ತೆರಿಗೆಯ ಪಾತ್ರ ದೊಡ್ಡದು. 2025ರ ಸೆಪ್ಟೆಂಬರಿನಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದನ್ನು ಮೀರಿದ್ದಕ್ಕೆ ಶೇ. 18 ಜಿಎಸ್‌ಟಿ ಇರುವುದರಿಂದ, ಕಾಲಾತೀತವೆಂದು ಘೋಷಿತವಾದ ಅಂಗಿಯ ಬೆಲೆ 2,490 ರೂಪಾಯಿಗೆ ಬಂದು ನಿಲ್ಲುತ್ತದೆ.

ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕುವ ವಿಧಾನವನ್ನು ಬಾಳಿಕೆವಾದಿ ಕಡ್ಡಾಯಗೊಳಿಸುತ್ತಾನೆ. ಅದರಿಂದ ಪಕ್ಕದ ಹೊಲಿಗೆ ಗಟ್ಟಿಯಾಗುತ್ತದೆ, ಬಿಚ್ಚಿ ಅಗಲಿಸಲು ಮಾತ್ರ ಏನೂ ಉಳಿಯುವುದಿಲ್ಲ. "ಒಳಗೆ ಒಂದಿಂಚು ಬಟ್ಟೆ ಬಿಡೋಣ ಸಾರ್, ಮುಂದೆ ಬೇಕಾಗುತ್ತೆ" ಎಂದು ಮೂವತ್ತು ವರ್ಷ ಕತ್ತರಿ ಹಿಡಿದ ಮಾಸ್ಟರ್ ಹೇಳಿದ ಮಾತನ್ನು ಹಳೆಯ ಕಾಲದ ಅಭ್ಯಾಸವೆಂದು ತಳ್ಳಿಹಾಕಲಾಗುತ್ತದೆ.

ಮೊದಲ ಗಿರಾಕಿಗಳು ಹಳೆಯ ಸಹೋದ್ಯೋಗಿಗಳು. ಕೊಂಡ ಅಂಗಿ ಹರಿಯದ ಕಾರಣ ಅವರು ಎರಡನೆಯದನ್ನು ಕೊಳ್ಳುವುದಿಲ್ಲ. ತನ್ನ ಸಿದ್ಧಾಂತದ ಗೆಲುವೇ ವ್ಯಾಪಾರದ ಸೋಲಾಗುವ ಈ ಸಂಕಟವನ್ನು ಬಾಳಿಕೆವಾದಿ ತಾಳ್ಮೆಯಿಂದ ಸಹಿಸುತ್ತಾನೆ. ಎರಡು ವರ್ಷ ಕಳೆದ ಮೇಲೆ, ಜೀವಮಾನವಿಡೀ ಉಚಿತ ರಿಪೇರಿ ಎಂಬ ಭರವಸೆಯನ್ನು ನೆನಪಿಟ್ಟುಕೊಂಡು ಅಂಗಿಗಳು ಒಂದೊಂದಾಗಿ ಮರಳತೊಡಗುತ್ತವೆ. ಒಂದರಲ್ಲೂ ನೂಲು ಸವೆದಿರುವುದಿಲ್ಲ, ಬಣ್ಣ ಮಾಸಿರುವುದಿಲ್ಲ; ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಯಜಮಾನರ ಹೊಟ್ಟೆಯ ಮೇಲೆ ಗುಂಡಿ ಕೂರುವುದಿಲ್ಲ, ಅಷ್ಟೇ.

ಮುಂದಿನ ಕಂತಿನ ಅಂಗಿಗಳಲ್ಲಿ ಪಕ್ಕಕ್ಕೆ ಒಂದಿಂಚು ಬಟ್ಟೆ ಬಿಟ್ಟಿರುತ್ತದೆ. ಅದನ್ನು ದೀರ್ಘ ಸಂಶೋಧನೆಯ ಫಲವೆಂದು ಲೇಬಲ್ಲಿನಲ್ಲಿ ನಮೂದಿಸಿ, ಸಂಶೋಧನೆಯ ವೆಚ್ಚವೆಂದು ಇನ್ನೂರು ರೂಪಾಯಿ ಸೇರಿಸಿದ ಪರಿಣಾಮವಾಗಿ ಅಂಗಿಯು ಶೇ. 18ರ ಸಾಲಿಗೆ ಸೇರುತ್ತದೆ.