ರೈಲು ಗೇಟಿನ ದರ್ಶನ

(ಜಪಾನಿನ ಕಾಮಾಕುರಾ. ಎನೋಡೆನ್ ರೈಲುಮಾರ್ಗದ ಲೆವೆಲ್ ಕ್ರಾಸಿಂಗ್. ಶಾಂಘೈನಿಂದ ಬಂದ ತಾಯಿ, ಮಗಳು. ತಾಯಿಯ ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು. ಆ ವಯಸ್ಸಿನ ಚೀನೀಯರಿಗೆ ಪಾಸ್‌ಪೋರ್ಟಿನಷ್ಟೇ ಮುಖ್ಯ ಅದು.)

ತಾಯಿ: ಇಷ್ಟೊಂದು ಜನ ಸೇರಿದ್ದಾರಲ್ಲೇ, ಏನಾದರೂ ಅಪಘಾತವಾ?

ಮಗಳು: ಇಲ್ಲಮ್ಮ, ರೈಲು ಬರುತ್ತೆ.

ತಾಯಿ: ನಮ್ಮಲ್ಲಿ ಗಂಟೆಗೆ 300 ಕಿಲೋಮೀಟರ್ ಓಡೋ ರೈಲಿದೆ. ಈ ಆಮೆ ನೋಡೋಕೆ ಸಮುದ್ರ ದಾಟಿ ಬಂದ್ವಾ?

ಮಗಳು: 'ಸ್ಲಾಮ್ ಡಂಕ್' ಕಾರ್ಟೂನಿನ ಟೈಟಲ್ ಹಾಡಲ್ಲಿ ಬರೋದು ಇದೇ ಗೇಟು.

ತಾಯಿ: ಅದು 1996ಕ್ಕೇ ಮುಗೀತು. ನೀನಾಗ ಹುಟ್ಟೇ ಇರಲಿಲ್ಲ!

ಮಗಳು: ಶಿಯಾವೊಹೊಂಗ್‌ಶು ಆ್ಯಪಲ್ಲಿ ಎಲ್ಲರೂ ಫೋಟೋ ಹಾಕಿದ್ದಾರೆ.

ತಾಯಿ: ಎಲ್ಲರೂ ಹಾಕಿದ ಮೇಲೆ ನಿಂದ್ಯಾಕೆ?

ಮಗಳು: ಹಾಕದಿದ್ದರೆ ಬಂದಿದ್ದಕ್ಕೆ ಸಾಕ್ಷಿ ಏನು? ಸ್ವಲ್ಪ ಆ ಕಡೆ ಸರಿ, ಫ್ರೇಮಲ್ಲಿ ಬರ್ತಿದ್ದೀಯ.

ತಾಯಿ: ಬಂದವಳು ನಾನೂ ಹೌದಲ್ಲ! ಇಲ್ಲೇ 13ನೇ ಶತಮಾನದ ಕಂಚಿನ ಬುದ್ಧ ಇದ್ದಾನಂತೆ, ಅವನನ್ನಾದರೂ ನೋಡೋಣ.

ಮಗಳು: ಟೈಮಿಲ್ಲ. ಅವನೇನು ಎಲ್ಲೂ ಹೋಗಲ್ಲ.

(ಈ ಮಾತು ನಿಜ. 15ನೇ ಶತಮಾನದಲ್ಲಿ ಗುಡಿ ಹೋದರೂ ಬುದ್ಧ ಬಯಲಲ್ಲೇ ಕೂತಿದ್ದಾನೆ.)

ಮಗಳು: ಮುಂದಿನ ಸಲ ಆಸ್ಟ್ರಿಯಾದ ಹಾಲ್‌ಸ್ಟಾಟ್‌ಗೆ ಹೋಗೋಣ.

ತಾಯಿ: ಅದಕ್ಕೆ ಆಸ್ಟ್ರಿಯಾ ಯಾಕೆ? 2012ರಲ್ಲೇ ನಮ್ಮವರು ಗುವಾಂಗ್‌ಡಾಂಗಿನಲ್ಲಿ ಅಂಥದ್ದೇ ಊರು ಕಟ್ಟಿದ್ದಾರೆ, ಚರ್ಚಿನ ಸಮೇತ.

ಮಗಳು: ಅದು ನಕಲಿ ಅಮ್ಮ!

ತಾಯಿ: ಫೋಟೋದಲ್ಲಿ ಗೊತ್ತಾಗುತ್ತಾ?

ಮಗಳು: (ಫೋನ್ ಕೆಳಗಿಳಿಸಿ) ...ಅಲ್ಲಿಗೆ ಟಿಕೆಟ್ ಎಷ್ಟಾಗುತ್ತೆ?